ಬಾಟಲಿಯಲ್ಲಿ ಕಪ್ಪಗೇ ನಿಂತ ಎಣ್ಣೆ ಸವೆತವನ್ನು ಯಾಕೆ ತಡೆಯಲಿಲ್ಲ?

ಪ್ರಶ್ನೆ: ಎಂ.ಟೆಕ್. ಪ್ರಾಜೆಕ್ಟ್‌ಗಾಗಿ ಎಸ್‌ಎನ್ 500 ಬೇಸ್ ಆಯಿಲ್‌ಗೆ (ಏನೂ ಬೆರೆಸದ ಮೂಲ ಖನಿಜ ತೈಲ) ತೂಕದಲ್ಲಿ ಶೇ. 0.1ರಷ್ಟು ಬಹುಗೋಡೆಯ ಕಾರ್ಬನ್ ನ್ಯಾನೋಟ್ಯೂಬ್ ಸೇರಿಸುತ್ತಿದ್ದೇನೆ. ಕಣಗಳನ್ನು ತೇಲಿಸಿಡುವ ಸರ್ಫ್ಯಾಕ್ಟೆಂಟ್ ಆಗಿ ಮೊದಲು ಸೋಡಿಯಂ ಡೊಡೆಸಿಲ್ ಸಲ್ಫೇಟ್ ಹಾಕಿದೆ, ಎರಡೇ ದಿನಕ್ಕೆ ಎಲ್ಲವೂ ತಳ ಸೇರಿತು. ಆಮೇಲೆ ಶೇ. 1ರಷ್ಟು ಸ್ಪ್ಯಾನ್ 80 ಎಂಬ ಇನ್ನೊಂದು ಸರ್ಫ್ಯಾಕ್ಟೆಂಟ್ ಹಾಕಿದೆ. ಮೂರು ವಾರವಾದರೂ ಎಣ್ಣೆ ಕಪ್ಪಗೇ ಇದೆ. ಆದರೆ ಫೋರ್ ಬಾಲ್ ಪರೀಕ್ಷೆಯಲ್ಲಿ (ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು ಒತ್ತಿ ತಿರುಗಿಸುವುದು) ಸವೆತದ ಗುರುತು 0.71 ಮಿ.ಮೀ. ಬಂತು, ಬರೀ ಎಣ್ಣೆಗೆ 0.64 ಇತ್ತು. ಸರ್ಫ್ಯಾಕ್ಟೆಂಟ್ ಇನ್ನೂ ಹೆಚ್ಚಿಸಲೇ? ಇದನ್ನು ನಮ್ಮ ಟ್ರ್ಯಾಕ್ಟರ್‌ನ ಗೇರ್ ಆಯಿಲ್‌ಗೆ ಹಾಕಿ ನೋಡಬಹುದೇ?

ಉತ್ತರ: ಹೆಚ್ಚಿಸಬೇಡಿ. ಈಗ ಹಾಕಿರುವುದೇ ಬೇಕಾದ್ದಕ್ಕಿಂತ ಮೂವತ್ತು ಪಟ್ಟಿಗೂ ಮಿಗಿಲು. ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಅದಕ್ಕೂ ಮೊದಲು ಆ 0.71 ಮತ್ತು 0.64ರ ವಿಷಯ. ನೀವು ಈ ಪರೀಕ್ಷೆಯ ಮಾನದಂಡವಾದ ಎಎಸ್‌ಟಿಎಂ ಡಿ 4172ರಂತೆ 40 ಕೆ.ಜಿ. ಭಾರ, ನಿಮಿಷಕ್ಕೆ 1200 ಸುತ್ತು, 75 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ ಓಡಿಸಿದ್ದೀರಿ ಎಂದುಕೊಳ್ಳುತ್ತೇನೆ. ಅದೇ ಎಣ್ಣೆ, ಅದೇ ಯಂತ್ರ, ಅದೇ ಕೈ ಇದ್ದರೂ ಎರಡು ಓಟಗಳ ನಡುವೆ 0.12 ಮಿ.ಮೀ. ತನಕ ವ್ಯತ್ಯಾಸ ಬರಬಹುದೆಂದು ಆ ಮಾನದಂಡವೇ ಹೇಳುತ್ತದೆ. ನಿಮ್ಮ ವ್ಯತ್ಯಾಸ 0.07. ಹಾಗಾಗಿ 'ಸವೆತ ಹೆಚ್ಚಿತು' ಎಂದು ಬರೆಯುವ ಹಾಗಿಲ್ಲ. 'ನ್ಯಾನೋಟ್ಯೂಬ್‌ನಿಂದ ಲಾಭವೇನೂ ಕಾಣಲಿಲ್ಲ' ಎಂದು ಮಾತ್ರ ಬರೆಯಬಹುದು. ಇದೇ ವಿಷಯದ ಎಷ್ಟೋ ವರದಿಗಳು 0.05 ಮಿ.ಮೀ. ಇಳಿಕೆಯನ್ನು ಶೇಕಡಾವಾರಿಗೆ ತಿರುಗಿಸಿ ಹಬ್ಬ ಮಾಡುತ್ತವೆ. ಅವನ್ನೂ ಇದೇ ಅಳತೆಗೋಲಿಟ್ಟು ಓದಿ. ಪ್ರತಿ ಮಾದರಿಯನ್ನು ಕನಿಷ್ಠ ಮೂರು ಸಲ ಓಡಿಸಿ, ಪ್ರತಿ ಸಲವೂ ಕೆಳಗಿನ ಮೂರು ಗುಂಡುಗಳ ಗುರುತನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ಆರು ಅಳತೆಗಳ ಸರಾಸರಿ ತೆಗೆಯಿರಿ.

ಇನ್ನು ಡೊಡೆಸಿಲ್ ಸಲ್ಫೇಟ್ ಸೋತದ್ದೇಕೆ? ಸರ್ಫ್ಯಾಕ್ಟೆಂಟ್ ಅಣುವಿಗೆ ಎಣ್ಣೆಗೆ ಒಲಿಯುವ ಬಾಲ, ನೀರಿಗೆ ಒಲಿಯುವ ತಲೆ ಎರಡೂ ಇರುತ್ತವೆ. ಡೊಡೆಸಿಲ್ ಸಲ್ಫೇಟ್ ನೀರಿನ ಸಾಮಾನು. ನೀರಿನಲ್ಲಿ ಅದರ ಎಣ್ಣೆಯಂಥ ಬಾಲಕ್ಕೆ ಇರಲು ಜಾಗವಿಲ್ಲ, ಕಾರ್ಬನ್ ಕಂಡರೆ ಓಡಿಹೋಗಿ ಅಂಟಿಕೊಳ್ಳುತ್ತದೆ. ಹೊರಗೆ ಉಳಿದ ತಲೆ ವಿದ್ಯುದಾವೇಶ ಹೊತ್ತು ಪಕ್ಕದ ಕಣವನ್ನು ದೂರ ತಳ್ಳುತ್ತದೆ. ಎಣ್ಣೆಯಲ್ಲಿ ಈ ಎರಡೂ ಕೈಕೊಡುತ್ತವೆ. ಬಾಲಕ್ಕೆ ಎಣ್ಣೆಯೇ ತವರುಮನೆ, ಕಾರ್ಬನ್ನಿಗೆ ಅಂಟುವ ದರ್ದಿಲ್ಲ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 78ರ ಆಸುಪಾಸು, ಖನಿಜ ತೈಲದ್ದು ಬರೀ 2.2. ಎರಡು ವಿರುದ್ಧ ಅಯಾನುಗಳು ಒಂದರ ಸೆಳೆತದಿಂದ ಇನ್ನೊಂದು ಬಿಡಿಸಿಕೊಳ್ಳಲು ನೀರಿನಲ್ಲಿ 0.7 ನ್ಯಾನೋಮೀಟರ್ ದೂರ ಸಾಕು, ಎಣ್ಣೆಯಲ್ಲಿ ಸುಮಾರು 25 ನ್ಯಾನೋಮೀಟರ್ ಬೇಕು. ಹೀಗಾಗಿ ಸೋಡಿಯಂ ತನ್ನ ಜೋಡಿಯನ್ನು ಬಿಟ್ಟು ಕದಲುವುದೇ ಇಲ್ಲ. ಆ ಲವಣ ಎಣ್ಣೆಯಲ್ಲಿ ಕರಗುವುದೂ ಇಲ್ಲ. ನಿಮ್ಮ ಬಾಟಲಿಯ ತಳದ ಕಪ್ಪು ಗಸಿಯನ್ನು ಹೆಕ್ಸೇನ್‌ನಲ್ಲಿ ತೊಳೆದು ನೋಡಿದರೆ ಬಿಳಿ ಹರಳುಗಳು ಸಿಕ್ಕಾವು. ಸಿಟ್ರಿಮೋನಿಯಂ ಬ್ರೋಮೈಡ್, ಟ್ವೀನ್ 80, ಟ್ರೈಟನ್ ಎಕ್ಸ್ 100 ಇವನ್ನೂ ಖನಿಜ ತೈಲದ ಪಟ್ಟಿಯಿಂದ ಹೊಡೆದುಹಾಕಿ. ಝೀಟಾ ಪೊಟೆನ್ಷಿಯಲ್ (ಕಣದ ಮೈಯ ಆವೇಶದ ಸೂಚಕ) ಅಳೆಯಲು ಹಣ ಕಟ್ಟುವುದೂ ಬೇಡ. ನಿಮ್ಮ ಎಣ್ಣೆಯಲ್ಲಿ ಕಣಗಳನ್ನು ಬೇರೆಬೇರೆಯಾಗಿ ಇಡುವುದು ಆವೇಶವಲ್ಲ, ಮೈಮೇಲೆ ಕೂದಲಿನಂತೆ ನಿಂತ ಬಾಲಗಳ ಅಡ್ಡಿ.

ಎಣ್ಣೆಗೆ ಸರ್ಫ್ಯಾಕ್ಟೆಂಟ್ ಆರಿಸುವಾಗ ಕೇಳಬೇಕಾದ್ದು ಒಂದೇ: ಇದರ ತಲೆ ಈ ಕಾರ್ಬನ್ನಿನ ಮೈಗೆ ಅಂಟುತ್ತದೆಯೇ? ಅಣು ನೀರಿಗೆಷ್ಟು, ಎಣ್ಣೆಗೆಷ್ಟು ಒಲಿಯುತ್ತದೆ ಎಂದು ತೋರಿಸುವ ಎಚ್‌ಎಲ್‌ಬಿ ಸಂಖ್ಯೆ ಇದನ್ನು ಹೇಳುವುದಿಲ್ಲ. ಸ್ಪ್ಯಾನ್ 80ರ ಎಚ್‌ಎಲ್‌ಬಿ 4.3 ಎಂದರೆ ಅದು ಎಣ್ಣೆಯಲ್ಲಿ ಕರಗುತ್ತದೆ ಎಂದಷ್ಟೇ ಅರ್ಥ. ಆ ಸಂಖ್ಯೆ ಹುಟ್ಟಿದ್ದು ನೀರು-ಎಣ್ಣೆ ಎಮಲ್ಷನ್‌ಗಾಗಿ, ಕಾರ್ಬನ್ನಿನ ಲೆಕ್ಕ ಅದರಲ್ಲಿಲ್ಲ. ಸ್ಫೋಟ ವಿಧಾನದಲ್ಲಿ ತಯಾರಾದ ನ್ಯಾನೋವಜ್ರದ ಮೂಲ ಕಣ 4-5 ನ್ಯಾನೋಮೀಟರ್. ಅದರ ಮೈತುಂಬ ಆಮ್ಲಜನಕದ ಗುಂಪುಗಳಿರುವುದರಿಂದ ಓಲಿಯಿಕ್ ಆಮ್ಲ ಚೆನ್ನಾಗಿ ಹಿಡಿಯುತ್ತದೆ. ಆಮ್ಲದಲ್ಲಿ ಉತ್ಕರ್ಷಿಸಿದ ನ್ಯಾನೋಟ್ಯೂಬ್‌ಗೂ ಗ್ರಾಫೀನ್ ಆಕ್ಸೈಡ್‌ಗೂ ಓಲೈಲ್ ಅಮೀನ್, ಆಕ್ಟಾಡೆಸೈಲ್ ಅಮೀನ್ ಹೊಂದುತ್ತವೆ, ಬಿಸಿ ಮಾಡಿದರೆ ಅಮೈಡ್ ಬಂಧವೇ ಏರ್ಪಟ್ಟು ಬಾಲ ಬಿಟ್ಟುಹೋಗುವುದಿಲ್ಲ. ಏನೂ ಮಾಡದ ಸಾದಾ ನ್ಯಾನೋಟ್ಯೂಬ್‌ನ ಪಾಡು ಕಷ್ಟ. ಅದರ ಮೈ ನಯವಾದ ಗ್ರಾಫೈಟ್, ತಲೆಗೆ ಹಿಡಿತ ಸಿಗುವುದು ಅಲ್ಲಲ್ಲಿ ಮುರಿದ ಅಂಚುಗಳಲ್ಲಿ ಮಾತ್ರ. ಅದಕ್ಕೆ ಒಂದೇ ತಲೆಯ ಸಣ್ಣ ಅಣುವಿಗಿಂತ ಹಲವು ಕಡೆ ಹಿಡಿಯುವ ದೊಡ್ಡ ಅಣು ವಾಸಿ.

ಅಂಥದ್ದು ಅಂಗಡಿಯ ಎಂಜಿನ್ ಆಯಿಲ್ ಡಬ್ಬದಲ್ಲಿ ಹಿಂದಿನಿಂದಲೂ ಇದೆ: ಪಾಲಿಐಸೊಬ್ಯುಟಿಲೀನ್ ಸಕ್ಸಿನಿಮೈಡ್. ಬಾಲದ ಅಣುತೂಕವೇ 1000ದಿಂದ 2300ರವರೆಗೆ, ತಲೆಯಲ್ಲಿ ಸಾಲಾಗಿ ಅಮೀನ್‌ಗಳು. ಡೀಸೆಲ್ ಮಸಿಯನ್ನು ತೇಲಿಸಿಡುವುದು ಇದೇ. ಮಸಿಯ ಮೂಲ ಕಣವೂ ಕೆಲವೇ ಹತ್ತು ನ್ಯಾನೋಮೀಟರಿನ ಕಾರ್ಬನ್ನೇ ತಾನೆ? ಆ ಮಟ್ಟಿಗೆ ನಿಮ್ಮ ಪ್ರಾಜೆಕ್ಟ್‌ನ ಸಮಸ್ಯೆಗೆ ಎಂಜಿನ್ ಆಯಿಲ್‌ನವರು ದಶಕಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದಾರೆ. (ಎತ್ತಿನ ಗಾಡಿಗೆ ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಕರಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದವರು ಇನ್ನೂ ಹಿಂದಿನವರು. ಹರಳೆಣ್ಣೆಯ ಕೊಬ್ಬಿನಾಮ್ಲದಲ್ಲಿ ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಅದು ಖನಿಜ ತೈಲಕ್ಕಿಂತ ಕರಿಗೂ ಕಬ್ಬಿಣಕ್ಕೂ ಚೆನ್ನಾಗಿ ಅಂಟುತ್ತದೆ.) ಸಕ್ಸಿನಿಮೈಡ್ ಕೊಳ್ಳುವಾಗ ಒಂದು ಎಚ್ಚರ: ಡ್ರಮ್ಮಿನಲ್ಲಿ ಬರುವ ಸರಕಿನಲ್ಲಿ ಅರ್ಧದಷ್ಟು ಬೇಸ್ ಆಯಿಲ್ಲೇ ಇರುತ್ತದೆ. ಸಕ್ರಿಯಾಂಶ ಎಷ್ಟೆಂದು ಕೇಳಿ ಪ್ರಮಾಣ ಕಟ್ಟಿ.

ಈಗ ಲೆಕ್ಕ. ಒಂದು ಲೀಟರ್ ಎಸ್‌ಎನ್ 500 ಸುಮಾರು 880 ಗ್ರಾಂ. ಅದಕ್ಕೆ ಶೇ. 0.1 ಎಂದರೆ 0.88 ಗ್ರಾಂ ನ್ಯಾನೋಟ್ಯೂಬ್. ಗ್ರಾಮಿಗೆ 200 ಚದರ ಮೀಟರ್ ಮೇಲ್ಮೈ ಎಂದಿಟ್ಟುಕೊಂಡರೆ (ನಿಮ್ಮ ಪುಡಿಯ ನಿಜವಾದ ಅಂಕಿಯನ್ನು ಮಾರಾಟಗಾರರ ದಾಖಲೆಯಿಂದ ತೆಗೆದುಕೊಳ್ಳಿ, ಸಾಮಾನ್ಯವಾಗಿ 100ರಿಂದ 300) ಒಟ್ಟು 176 ಚದರ ಮೀಟರ್. ಸ್ಪ್ಯಾನ್ 80ರ ಒಂದು ಅಣು ಸುಮಾರು 0.5 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ, ಅಣುತೂಕ 428. ಇಡೀ ಮೇಲ್ಮೈಯನ್ನು ಒಂದು ಪದರ ಮುಚ್ಚಲು ಬೇಕಾದದ್ದು 0.25 ಗ್ರಾಂ. ನೀವು ಹಾಕಿದ್ದು 8.8 ಗ್ರಾಂ. ಉಳಿದ ಎಂಟೂವರೆ ಗ್ರಾಂ ಎಲ್ಲಿಗೆ ಹೋಗಬೇಕು?

ಒಂದಿಷ್ಟು ಉಕ್ಕಿನ ಮೇಲೆ ಕೂರುತ್ತದೆ. ಫೋರ್ ಬಾಲ್‌ನ 12.7 ಮಿ.ಮೀ. ಗುಂಡುಗಳು ನಾಲ್ಕೂ ಸೇರಿ 20 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನು ಒಂದು ಪದರ ಮುಚ್ಚಲು 3 ಮೈಕ್ರೋಗ್ರಾಂ ಸ್ಪ್ಯಾನ್ ಸಾಕು, ಬಟ್ಟಲಿನ 10 ಮಿ.ಲೀ. ಎಣ್ಣೆಯಲ್ಲಿ 90 ಮಿಲಿಗ್ರಾಂ ಇದೆ. ಮೂವತ್ತು ಸಾವಿರ ಪಟ್ಟು. ಪುಟ್ಟ, ಚುರುಕಾದ ಈ ಅಣುಗಳು ಉಕ್ಕನ್ನು ಮೊದಲೇ ಆಕ್ರಮಿಸಿಕೊಂಡ ಮೇಲೆ ನ್ಯಾನೋಟ್ಯೂಬ್ ಅಲ್ಲಿಗೆ ಬಂದು ನಿಲ್ಲುವುದು ಹೇಗೆ? ಅದರ ಮೈಮೇಲೂ ಅದೇ ಬಾಲ, ಉಕ್ಕಿನ ಮೇಲೂ ಅದೇ ಬಾಲ. ಕಣವನ್ನು ಕಣದಿಂದ ದೂರವಿಡುವ ಅಡ್ಡಿಯೇ ಕಣವನ್ನು ಲೋಹದಿಂದಲೂ ದೂರವಿಡುತ್ತದೆ. ಈ ಇಡೀ ವಿಷಯದ ತಿರುಳು ಇಲ್ಲಿದೆ. ಬಾಟಲಿಯಲ್ಲಿ ಅತಿ ಹೆಚ್ಚು ದಿನ ನಿಲ್ಲುವ ಮಿಶ್ರಣವೇ ಸವೆತವನ್ನು ಅತಿ ಹೆಚ್ಚು ತಡೆಯುತ್ತದೆ ಎಂದು ನಂಬಿ ಸರ್ಫ್ಯಾಕ್ಟೆಂಟ್ ಏರಿಸುತ್ತಾ ಹೋಗುವವರು ಎಡವುವುದು ಇದೇ ಜಾಗದಲ್ಲಿ.

ಮಿಕ್ಕದ್ದು ಎಣ್ಣೆಯೊಳಗೆ ತಲೆ ಒಳಗೆ, ಬಾಲ ಹೊರಗೆ ಮಾಡಿಕೊಂಡು ಗುಂಪುಗೂಡುತ್ತದೆ. ಈ ಗುಂಪುಗಳು ದಟ್ಟವಾದಷ್ಟೂ ಎರಡು ಕಣಗಳ ನಡುವಿನ ಕಿರಿದಾದ ಸಂದಿಗೆ ಅವು ನುಗ್ಗಲಾರದೆ, ಹೊರಗಿನ ಒತ್ತಡ ಹೆಚ್ಚಾಗಿ ಕಣಗಳು ಮತ್ತೆ ಒತ್ತೊತ್ತಾಗಿ ಗಂಟುಕಟ್ಟಬಹುದು. ಅದಕ್ಕೇ ಸರ್ಫ್ಯಾಕ್ಟೆಂಟ್ ಪ್ರಮಾಣ ಏರಿಸುತ್ತಾ ಹೋದಂತೆ ಸ್ಥಿರತೆ ಏರಿ, ಆಮೇಲೆ ಮತ್ತೆ ಇಳಿಯುವುದು ಕಾಣುತ್ತದೆ. ಜೊತೆಗೆ ನೊರೆ, ಜೊತೆಗೆ ನೀರು. ಸ್ಪ್ಯಾನ್ 80 ಹುಟ್ಟಾ ಎಮಲ್ಸಿಫೈಯರ್. ಹೈಡ್ರಾಲಿಕ್ ಅಥವಾ ಟರ್ಬೈನ್ ಎಣ್ಣೆಯಲ್ಲಿ ತಾನಾಗಿ ಬೇರ್ಪಡಬೇಕಾದ ನೀರನ್ನು ಹಾಲಿನಂತೆ ಕದಡಿ ಹಿಡಿದಿಡುತ್ತದೆ. ಅದರ ಅಣುವಿನಲ್ಲಿರುವ ಎಸ್ಟರ್ ಬಂಧ ನೀರು, ಶಾಖ ಸೇರಿದರೆ ಒಡೆದು ಓಲಿಯಿಕ್ ಆಮ್ಲ ಬಿಡುತ್ತದೆ, ಆಮ್ಲ ಸಂಖ್ಯೆ ಏರುತ್ತದೆ, ತಾಮ್ರ-ಸೀಸದ ಬೇರಿಂಗ್ ಇದ್ದರೆ ಅದಕ್ಕೆ ಆಪತ್ತು. ಓಲಿಯಿಕ್ ಆಮ್ಲವನ್ನೇ ನೇರವಾಗಿ ಹಾಕಿದರೆ ಈ ತಾಪತ್ರಯ ಮೊದಲ ದಿನದಿಂದಲೇ ಶುರು. ಅದರ ದ್ವಿಬಂಧ ಉತ್ಕರ್ಷಣಕ್ಕೂ ಬೇಗ ಸಿಕ್ಕಿಬೀಳುತ್ತದೆ. ಸ್ಟಿಯರಿಕ್ ಆಮ್ಲಕ್ಕೆ ದ್ವಿಬಂಧವಿಲ್ಲ, ಆದರೆ ಅದು ಕರಗುವುದು 69 ಡಿಗ್ರಿಯಲ್ಲಿ. ಎಣ್ಣೆ ತಣ್ಣಗಾದಾಗ ಮಬ್ಬುಗಟ್ಟಿ ಫಿಲ್ಟರಿಗೆ ಅಂಟುತ್ತದೆ.

ಇಷ್ಟಾದರೂ ಎಲ್ಲ ತಪ್ಪನ್ನೂ ಸರ್ಫ್ಯಾಕ್ಟೆಂಟ್ ತಲೆಗೆ ಕಟ್ಟಬೇಡಿ. ಇನ್ನಿಬ್ಬರು ಆರೋಪಿಗಳಿದ್ದಾರೆ. ಒಬ್ಬ ನ್ಯಾನೋಟ್ಯೂಬ್ ಪುಡಿಯೊಳಗಿನ ಬೂದಿ. ಅನಿಲದಿಂದ ಬೆಳೆಸಿದ ಟ್ಯೂಬ್‌ಗಳಲ್ಲಿ ಕಬ್ಬಿಣ, ನಿಕಲ್ ಅಥವಾ ಕೋಬಾಲ್ಟ್ ವೇಗವರ್ಧಕವೂ, ಅದನ್ನು ಹೊತ್ತ ಅಲ್ಯೂಮಿನಾ ಅಥವಾ ಮೆಗ್ನೀಷಿಯಾ ಕೂಡ ಉಳಿದಿರುತ್ತವೆ. ಡಬ್ಬದ ಮೇಲೆ ಶೇ. 95 ಶುದ್ಧ ಎಂದಿದ್ದರೆ ಉಳಿದ ಐದರಲ್ಲಿ ಇದೇ ಇರುವ ಸಂಭವ ಹೆಚ್ಚು. ಅಲ್ಯೂಮಿನಾ ಎಂದರೆ ಉಜ್ಜುಕಾಗದದ ಪುಡಿ. ಒಂದು ಗ್ರಾಂ ಪುಡಿಯನ್ನು ಗಾಳಿಯಲ್ಲಿ 850 ಡಿಗ್ರಿಯಲ್ಲಿ ಸುಟ್ಟು ಬೂದಿ ತೂಗಿ. ಶೇ. 2ಕ್ಕಿಂತ ಹೆಚ್ಚು ಬಂದರೆ ನಾನಾದರೆ ಆ ಪುಡಿಯನ್ನು ಸವೆತ ಪರೀಕ್ಷೆಗೆ ಬಳಸುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಬರಿಮೈಯ ಲೋಹ ಹೋಗುತ್ತದೆ, ಅಲ್ಯೂಮಿನಾ ಹಾಗೇ ಕೂರುತ್ತದೆ.

ಇನ್ನೊಬ್ಬ ಗಂಟು. ಗುಂಡುಗಳ ನಡುವಿನ ಎಣ್ಣೆಯ ಪೊರೆ ಹೆಚ್ಚೆಂದರೆ ಕೆಲವು ಹತ್ತು ನ್ಯಾನೋಮೀಟರ್. ಬಿಡಿ ಟ್ಯೂಬ್ ಅಲ್ಲಿ ನುಸುಳೀತು, ಮೈಕ್ರಾನ್ ಗಾತ್ರದ ಗಂಟು ಬಾಗಿಲಲ್ಲೇ ಸಿಕ್ಕಿಕೊಂಡು ಒಳಗೆ ಹೋಗುವ ಎಣ್ಣೆಗೂ ಅಡ್ಡ ನಿಲ್ಲುತ್ತದೆ. ಬಾಟಲಿ ಕಪ್ಪಗಿದೆ ಎಂಬುದು ಗಂಟಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಶೇ. 0.01 ನ್ಯಾನೋಟ್ಯೂಬ್ ಇದ್ದರೂ ಎಣ್ಣೆ ಕಾಡಿಗೆಯಂತಾಗುತ್ತದೆ. ಮುಕ್ಕಾಲು ಪಾಲು ತಳ ಸೇರಿದ್ದರೂ ಮೇಲಿನದು ಕಪ್ಪಾಗಿಯೇ ಕಾಣುತ್ತದೆ. ಕುಲುಕದೆ ಬಾಟಲಿಯನ್ನು ಮೆಲ್ಲಗೆ ತಲೆಕೆಳಗು ಮಾಡಿ ತಳಕ್ಕೆ ಟಾರ್ಚ್ ಹಿಡಿಯಿರಿ, ಗಸಿ ಇದ್ದರೆ ಅಲ್ಲೇ ಅಂಟಿರುತ್ತದೆ. ಕಣ ಇಳಿಯುವ ವೇಗ ಅದರ ಗಾತ್ರದ ವರ್ಗದಂತೆ ಏರುತ್ತದೆ: 40 ಡಿಗ್ರಿಯ ಎಸ್‌ಎನ್ 500ನಲ್ಲಿ 100 ನ್ಯಾನೋಮೀಟರ್ ಕಣ ದಿನಕ್ಕೆ 7 ಮೈಕ್ರಾನ್ ಇಳಿದರೆ, 5 ಮೈಕ್ರಾನ್ ಗಂಟು 17 ಮಿ.ಮೀ. ಇಳಿಯುತ್ತದೆ. ಗಂಟಿನೊಳಗೆ ಎಣ್ಣೆಯೂ ತುಂಬಿರುವುದರಿಂದ ನಿಜದಲ್ಲಿ ಇನ್ನೂ ನಿಧಾನ, ಆದರೂ ಎರಡು ದಿನಕ್ಕೆ ಬಾಟಲಿ ತಳ ಕಾಣಲು ಅಷ್ಟು ಸಾಕು. 100 ಡಿಗ್ರಿಯಲ್ಲಿ ಎಣ್ಣೆ ತೆಳುವಾಗಿ ಈ ವೇಗ ಇನ್ನೂ ಒಂಬತ್ತು ಪಟ್ಟು ಆಗುತ್ತದೆ. ಶಾಖಕ್ಕೆ ಸರ್ಫ್ಯಾಕ್ಟೆಂಟ್‌ನ ಹಿಡಿತವೂ ಸಡಿಲವಾಗುತ್ತದೆ. ಹಾಗಾಗಿ ಕೋಣೆಯ ಶಾಖದಲ್ಲಿ ಮೂರು ವಾರ ನಿಂತದ್ದು ಓಡುವ ಯಂತ್ರದ ಬಗ್ಗೆ ಏನೂ ಹೇಳುವುದಿಲ್ಲ.

ಮತ್ತೆ ಮಾಡುವುದಾದರೆ ಹೀಗೆ ಮಾಡಿ. ಪುಡಿಯನ್ನು 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ತೇವ ಉಳಿದರೆ ಸರ್ಫ್ಯಾಕ್ಟೆಂಟ್ ತಲೆಗಳು ನೀರಿನ ಹಿಂದೆ ಹೋಗುತ್ತವೆ. ಮೊದಲು 100 ಗ್ರಾಂ ಸಾಂದ್ರ ಮಿಶ್ರಣ: 60 ಡಿಗ್ರಿಗೆ ಬಿಸಿ ಮಾಡಿದ ಸುಮಾರು 99 ಗ್ರಾಂ ಎಣ್ಣೆಯಲ್ಲಿ ಸರ್ಫ್ಯಾಕ್ಟೆಂಟ್ ಪೂರ್ತಿ ಕರಗಿಸಿ, ಆಮೇಲೆ 0.5 ಗ್ರಾಂ ನ್ಯಾನೋಟ್ಯೂಬ್ ಸ್ವಲ್ಪಸ್ವಲ್ಪವಾಗಿ ಉದುರಿಸಿ. ಈ ಕ್ರಮ ತಿರುಗಿಸಬೇಡಿ, ಒಣ ಗಂಟಿನೊಳಗೆ ಬರೀ ಎಣ್ಣೆ ಇಳಿದ ಮೇಲೆ ಸರ್ಫ್ಯಾಕ್ಟೆಂಟ್ ಒಳಹೋಗಲು ಬಹಳ ಹೊತ್ತು ಬೇಕು. ಅರ್ಧ ಗಂಟೆ ಹೈ ಶಿಯರ್ ಮಿಕ್ಸರ್, ನಂತರ 20 ಕಿಲೋಹರ್ಟ್ಸ್ ಪ್ರೋಬ್ ಸೋನಿಕೇಟರ್ (ಧ್ವನಿಯ ಅಲೆಗಳಿಂದ ಗಂಟು ಒಡೆಯುವ ಸಲಾಕೆ) 5 ಸೆಕೆಂಡ್ ಓಟ, 5 ಸೆಕೆಂಡ್ ಬಿಡುವು ಕೊಟ್ಟು ಒಟ್ಟು 30 ನಿಮಿಷದ ಓಟ. ಬೀಕರನ್ನು ಮಂಜುಗಡ್ಡೆಯಲ್ಲಿಡಿ ಎಂದು ಎಲ್ಲೆಡೆ ಬರೆದಿರುತ್ತಾರೆ, ಅದು ನೀರಿಗೆ ಸರಿ. ತಣ್ಣಗಿನ ಎಸ್‌ಎನ್ 500 ಜೇನಿನಂತೆ ಗಟ್ಟಿ, ಅದರಲ್ಲಿ ಗಂಟು ಒಡೆಯುವ ಗುಳ್ಳೆಗಳು ಹುಟ್ಟುವುದೇ ಕಷ್ಟ. ತಣ್ಣೀರಿನ ಹೊರಪಾತ್ರೆ ಇಟ್ಟು ಎಣ್ಣೆಯನ್ನು 45ರಿಂದ 60 ಡಿಗ್ರಿ ನಡುವೆ ಇರುವಂತೆ ನೋಡಿಕೊಳ್ಳಿ. ಗಂಟೆಗಟ್ಟಲೆ ಎಳೆದರೆ ಟ್ಯೂಬ್‌ಗಳು ತುಂಡಾಗುತ್ತವೆ, ಪ್ರೋಬ್‌ನ ಟೈಟಾನಿಯಂ ತುದಿಯೂ ಸವೆದು ಎಣ್ಣೆಗೆ ಸೇರುತ್ತದೆ. ಬಾತ್ ಸೋನಿಕೇಟರ್ ಈ ಕೆಲಸಕ್ಕೆ ಸಾಲದು.

ಸರ್ಫ್ಯಾಕ್ಟೆಂಟ್ ಎಷ್ಟು? ಈ 0.5 ಗ್ರಾಮಿನ ಒಂದು ಪದರಕ್ಕೆ ಸ್ಪ್ಯಾನ್ 0.14 ಗ್ರಾಂ ಬೇಕು. ಹಾಕಿದ್ದೆಲ್ಲ ಅಂಟುವುದಿಲ್ಲವಾದ್ದರಿಂದ 0, 0.15, 0.3, 0.6, 1.2 ಗ್ರಾಂ ಎಂದು ಐದು ಮಾದರಿ ಮಾಡಿ. ನನ್ನ ಅಂದಾಜಿನಲ್ಲಿ ನಿಮಗೆ ಬೇಕಾದ್ದು 0.3 ಅಥವಾ 0.6ರಲ್ಲಿ ಸಿಗುತ್ತದೆ. ಸಾಧ್ಯವಾದರೆ ಸಕ್ಸಿನಿಮೈಡ್‌ನಲ್ಲೂ ಒಂದು ಸಾಲು ಮಾಡಿ. ಅಣು ಭಾರವಾದ್ದರಿಂದ ತೂಕ ಹೆಚ್ಚು ಹಿಡಿಯುತ್ತದೆ. ಸಾಂದ್ರ ಮಿಶ್ರಣವನ್ನು ಐದು ಪಟ್ಟು ತೆಳುಗೊಳಿಸಿದರೆ ಶೇ. 0.1, ಹತ್ತು ಪಟ್ಟಿಗೆ 0.05, ಇಪ್ಪತ್ತೈದು ಪಟ್ಟಿಗೆ 0.02. ಶೇ. 0.1ಕ್ಕೇ ಅಂಟಿಕೊಳ್ಳದೆ ಕೆಳಗಿನ ಎರಡನ್ನೂ ಓಡಿಸಿ ನೋಡಿ.

ಪುಡಿ ತೂಗುವಾಗ ಫ್ಯಾನ್ ಆರಿಸಿ, ಫ್ಯೂಮ್ ಹುಡ್‌ನೊಳಗೆ, ಬಿಗಿಯಾದ ಮಾಸ್ಕ್ ಹಾಕಿಕೊಂಡು ತೂಗಿ. ಅಮೆರಿಕದ ನಿಯೋಷ್ ಸಂಸ್ಥೆ 2013ರಲ್ಲಿ ಕಾರ್ಬನ್ ನ್ಯಾನೋಟ್ಯೂಬ್‌ಗೆ ಸೂಚಿಸಿದ ಮಿತಿ ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ ಮಾತ್ರ. ಎಣ್ಣೆಗೆ ಸೇರಿದ ಮೇಲೆ ಹಾರುವ ಭಯ ಕಡಿಮೆ.

ಫೋರ್ ಬಾಲ್‌ಗೆ ಹೋಗುವ ಮೊದಲು ಅಗ್ಗದ ಜರಡಿಗಳಿವೆ. ಗ್ಯಾರೇಜಿನವರ ಹಳೆಯ ಉಪಾಯವೇ ಮೊದಲನೆಯದು: ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಕಪ್ಪು ಅಂಚಿನವರೆಗೂ ಒಂದೇ ಸಮ ಹರಡಿದ್ದರೆ ಸರಿ. ನಡುವೆ ಕಪ್ಪು ಬೊಟ್ಟು, ಸುತ್ತ ಬರೀ ಎಣ್ಣೆಯ ಉಂಗುರ ಬಂದರೆ ಗಂಟು ಉಳಿದಿದೆ. ಎರಡನೆಯದು 400 ಪಟ್ಟು ಸೂಕ್ಷ್ಮದರ್ಶಕ. ಕಣ್ಣಿಗೆ ಕಂಡದ್ದೆಲ್ಲ ಗಂಟೇ, ಬಿಡಿ ಟ್ಯೂಬ್ ಅದರಲ್ಲಿ ಕಾಣುವುದೇ ಇಲ್ಲ. ಮೂರನೆಯದು 80 ಡಿಗ್ರಿಯ ಓವನ್‌ನಲ್ಲಿ ಏಳು ದಿನ, ಅಲ್ಲಾಡಿಸದೆ. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಎಣ್ಣೆಗೆ ಶೇ. 0.2 ನೀರು ಸೇರಿಸಿ ಕುಲುಕಿ 60 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ. ಒಣ ಎಣ್ಣೆಯಲ್ಲಿ ರಾಜನಂತೆ ನಿಂತಿದ್ದ ಮಿಶ್ರಣ ಇಷ್ಟು ನೀರಿಗೇ ಮೊಸರಿನಂತೆ ಒಡೆಯಬಹುದು. ಯುವಿ ಮಾಪಕದಲ್ಲಿ ಅಳೆಯುವುದಿದ್ದರೆ ಹೆಕ್ಸೇನ್‌ನಿಂದ ತೆಳುಗೊಳಿಸಬೇಡಿ, ಸರ್ಫ್ಯಾಕ್ಟೆಂಟ್ ಬಿಟ್ಟುಹೋಗಿ ಅಳತೆಯ ಹೊತ್ತಿಗೇ ಗಂಟು ಹುಟ್ಟುತ್ತದೆ. ಅದೇ ಪ್ರಮಾಣದ ಸರ್ಫ್ಯಾಕ್ಟೆಂಟ್ ಇರುವ ಅದೇ ಎಣ್ಣೆಯಿಂದ ತೆಳುಗೊಳಿಸಿ.

ಇವನ್ನು ದಾಟಿದವನ್ನಷ್ಟೇ ಫೋರ್ ಬಾಲ್‌ಗೆ ಹಾಕಿ, ಆದರೆ ನಾಲ್ಕು ಜೊತೆಯಾಗಿ: ಬರೀ ಎಣ್ಣೆ, ಎಣ್ಣೆ ಮತ್ತು ಸರ್ಫ್ಯಾಕ್ಟೆಂಟ್, ಎಣ್ಣೆ ಮತ್ತು ನ್ಯಾನೋಟ್ಯೂಬ್, ಮೂರೂ ಸೇರಿದ್ದು. ನಿಮ್ಮ ಪ್ರಶ್ನೆಯಲ್ಲಿ ಎರಡನೆಯದು ಇಲ್ಲ. ಓಲಿಯಿಕ್ ಆಮ್ಲ, ಸ್ಪ್ಯಾನ್ ಎರಡೂ ತಾವೇ ಘರ್ಷಣೆ ಇಳಿಸುವ ವಸ್ತುಗಳು. ಆ ಮಾದರಿ ಇಲ್ಲದೆ ಬಂದ ಲಾಭವನ್ನು ಕಾರ್ಬನ್ ಹೆಸರಿಗೆ ಬರೆಯುವ ಹಾಗಿಲ್ಲ. ಬರೀ ಎಣ್ಣೆಯನ್ನೂ ಮಿಕ್ಕವುಗಳಂತೆಯೇ ಬಿಸಿ ಮಾಡಿ, ಸೋನಿಕೇಟ್ ಮಾಡಿ ಓಡಿಸಿ.

ಟ್ರ್ಯಾಕ್ಟರ್‌ಗೆ ಹಾಕಬೇಡಿ. ಗೇರ್ ಆಯಿಲ್‌ನಲ್ಲಿ ಗಂಧಕ-ರಂಜಕದ ಅಂಶಗಳು ಹಲ್ಲುಗಳ ಉಕ್ಕಿನೊಡನೆ ಪ್ರತಿಕ್ರಿಯಿಸಿ ಪೊರೆ ಕಟ್ಟಿಕೊಳ್ಳಬೇಕು, ಅದೇ ಜಾಗಕ್ಕೆ ನಿಮ್ಮ ಸ್ಪ್ಯಾನ್ ಪೈಪೋಟಿಗೆ ಇಳಿಯುತ್ತದೆ. ಎಂಜಿನ್ ಆಯಿಲ್‌ನಲ್ಲೂ ಸಕ್ಸಿನಿಮೈಡ್‌ನ ಅಮೀನ್ ಅತಿಯಾದರೆ ಸತು-ರಂಜಕದ ಸವೆತನಿರೋಧಕವನ್ನು ಕಟ್ಟಿಹಾಕಿ ಅದರ ಕೆಲಸ ಕುಗ್ಗಿಸುತ್ತದೆ. ಅದಕ್ಕಿಂತ ದೊಡ್ಡ ಆತಂಕ ಬ್ರೇಕ್. ನಿಮ್ಮದು ಆಯಿಲ್ ಇಮ್ಮರ್ಸ್ಡ್ ಬ್ರೇಕ್ ಇರುವ ಟ್ರ್ಯಾಕ್ಟರ್ ಆಗಿದ್ದು, ಗೇರ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಒಂದೇ ಎಣ್ಣೆಯಾದರೆ ಘರ್ಷಣೆ ಇಳಿಸುವ ಯಾವುದನ್ನೇ ಹಾಕಿದರೂ ಬ್ರೇಕ್ ತಟ್ಟೆಗಳ ಘರ್ಷಣೆಯೂ ಇಳಿಯುತ್ತದೆ. ಬೈಕಿನ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗೂ ಇದೇ ಮಾತು; ಡಬ್ಬದ ಮೇಲೆ ಜಾಸೊ ಎಂಎ ಎಂದು ಬರೆದಿರುವುದು ಆ ಘರ್ಷಣೆ ಉಳಿದಿದೆ ಎಂದು ತೋರಿಸಲಿಕ್ಕೇ. ಹೊಲದಲ್ಲೇ ನೋಡಬೇಕೆಂದಿದ್ದರೆ ಬ್ರೇಕ್, ಕ್ಲಚ್, ಫಿಲ್ಟರ್ ಯಾವುದೂ ಇಲ್ಲದ, ತನ್ನದೇ ಎಣ್ಣೆಯ ಪೆಟ್ಟಿಗೆ ಇರುವ ಒಂದು ಗೇರ್‌ಬಾಕ್ಸ್ ಹುಡುಕಿ. ರೊಟವೇಟರ್‌ನದ್ದು ಆದೀತು, ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ಐವತ್ತು ಗಂಟೆಗೊಮ್ಮೆ ತಳದ ಪ್ಲಗ್‌ನಿಂದ 50 ಮಿ.ಲೀ. ತೆಗೆದು ಕಾಗದದ ಮೇಲೆ ಹನಿ ಬಿಟ್ಟು ನೋಡುತ್ತಿರಿ.